15 ಜೂನ್ 2024, ಶನಿವಾರ: ಬೆಂಕಿಯಿಂದ ತಂಪಾಗುವ ಪೆಟ್ಟಿಗೆ

ಫ್ಲಾಗ್‌ಸ್ಟಾಫ್, ಅರಿಜೋನಾ

ಬೆಳಿಗ್ಗೆ ಆರು ಗಂಟೆಗೆ ಕಾಫಿಗೆ ಹಾಲು ತೆಗೆಯಲು ನಮ್ಮ ಟ್ರೇಲರಿನ (ವಾಹನದ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯ), ಗ್ಯಾಸಿನಲ್ಲೂ ವಿದ್ಯುತ್ತಿನಲ್ಲೂ ನಡೆಯುವ ಫ್ರಿಜ್ ತೆರೆದಾಗ ಮೊದಲು ಸುಳಿವು ಕೊಟ್ಟದ್ದು ಮೊಸರು. ನಿನ್ನೆ ಮಧ್ಯಾಹ್ನ ಸಿಹಿಯಾಗಿದ್ದ ಮೊಸರು ಬೆಳಗಾಗುವಷ್ಟರಲ್ಲಿ ಹುಳಿ ಬಂದಿತ್ತು. ಒಳಗಿಟ್ಟಿದ್ದ ಥರ್ಮಾಮೀಟರ್ 13 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಮೊಸರು ಹೋದರೆ ಹೋಗಲಿ ಎನ್ನಬಹುದು, ಆದರೆ ಅದರ ಪಕ್ಕದಲ್ಲಿದ್ದ ಅಮ್ಮನ ಇನ್ಸುಲಿನ್ ಬಗ್ಗೆ ಹಾಗೆನ್ನಲಾಗದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಲೂ ಬಾರದು. ಆದ್ದರಿಂದ ಅದನ್ನು ದಪ್ಪ ಟವೆಲಿನಲ್ಲಿ ಸುತ್ತಿ, ಮಂಜುಗಡ್ಡೆ ನೇರವಾಗಿ ತಗಲದಂತೆ ಐಸ್ ಪೆಟ್ಟಿಗೆಯಲ್ಲಿಟ್ಟ ಮೇಲೆಯೇ ಬೇರೆ ಕೆಲಸಕ್ಕೆ ಕೈಹಾಕಿದೆ.

“ಹಚ್ಚೋದು ಬೆಂಕಿ, ಆಗೋದು ತಂಪು. ಅದು ಹೇಗಪ್ಪಾ?” ಎಂದು ಅಮ್ಮ ಕೇಳಿದರು. ಕಾಫಿ ಕುಡಿಯುತ್ತಾ ವಿವರಿಸಿದೆ. ಮನೆಯ ಫ್ರಿಜ್‌ನಲ್ಲಿರುವಂತೆ ಇದರಲ್ಲಿ ಕಂಪ್ರೆಸರ್ ಇಲ್ಲ. ಹಿಂಬದಿಯ ಮುಚ್ಚಿದ ಕೊಳವೆಗಳಲ್ಲಿ ಅಮೋನಿಯಾ, ನೀರು ಮತ್ತು ಹೈಡ್ರೋಜನ್ ಇರುತ್ತವೆ. ಕೆಳಗಿನ ಉರಿಯ ಕಾವಿಗೆ ಅಮೋನಿಯಾ ನೀರನ್ನು ಬಿಟ್ಟು ಆವಿಯಾಗಿ ಮೇಲೇರುತ್ತದೆ, ಮೇಲೆ ಗಾಳಿಗೆ ತಣಿದು ದ್ರವವಾಗುತ್ತದೆ, ಫ್ರೀಜರಿನ ಹಿಂದೆ ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ, ಕೊನೆಗೆ ನೀರಿನಲ್ಲಿ ಕರಗಿ ಕೆಳಕ್ಕೆ ಮರಳುತ್ತದೆ. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ರೂಪಿಸಿದ ಈ ಏರ್ಪಾಟಿನಲ್ಲಿ ಚಲಿಸುವ ಭಾಗ ಒಂದೂ ಇಲ್ಲವೆಂಬುದು ನನಗೆ ಇಂದಿಗೂ ವಿಸ್ಮಯ.

ದ್ರವ ತನ್ನ ತೂಕದಿಂದಲೇ ಇಳಿದು ಹರಿಯಬೇಕಾದ್ದರಿಂದ ಫ್ರಿಜ್ ಸಮಮಟ್ಟದಲ್ಲಿರಬೇಕು. ವಾಲಿದ ಟ್ರೇಲರಿನಲ್ಲಿ ಅದನ್ನು ಗಂಟೆಗಟ್ಟಲೆ ಉರಿಸಿದರೆ ದ್ರವ ಅಲ್ಲಲ್ಲೇ ನಿಂತು, ಕುದಿಯುವ ಭಾಗ ಅತಿಯಾಗಿ ಕಾದು, ತುಕ್ಕು ತಡೆಯಲೆಂದು ಸೇರಿಸಿರುವ ಸೋಡಿಯಂ ಕ್ರೋಮೇಟ್ ಗಟ್ಟಿಯಾಗಿ ಕೊಳವೆಯನ್ನೇ ಕಟ್ಟಿಬಿಡಬಹುದು. ಆ ಹಾನಿಯನ್ನು ಮತ್ತೆ ಸರಿಪಡಿಸುವುದು ಬಹುತೇಕ ಅಸಾಧ್ಯ. ಹೀಗಾಗಿ ನನ್ನ ಮೊದಲ ಉಪಕರಣ ಯಾವಾಗಲೂ ರಸಮಟ್ಟ. ಫ್ರೀಜರಿನ ತಳದಲ್ಲಿ ಅಡ್ಡಕ್ಕೂ ಉದ್ದಕ್ಕೂ ಇಟ್ಟು ನೋಡಿದೆ, ಗುಳ್ಳೆ ಎರಡು ಸಲವೂ ನಡುವೆಯೇ ನಿಂತಿತು.

ಎತ್ತರದ ಮೇಲೂ ಅನುಮಾನ ಬಂತು. ಇಲ್ಲಿ ನಾವು ಸುಮಾರು 2,100 ಮೀಟರ್ ಎತ್ತರದಲ್ಲಿದ್ದೇವೆ, ತೆಳುವಾದ ಗಾಳಿಯಲ್ಲಿ ಬರ್ನರ್ ಸೊರಗುವುದುಂಟು. ಆದರೆ ಕಳೆದ ಬೇಸಿಗೆಯಲ್ಲಿ ಇದೇ ಪೈನ್ ಕಾಡಿನಲ್ಲಿ ಇದೇ ಫ್ರಿಜ್ ಸೊಗಸಾಗಿ ನಡೆದಿತ್ತು. ಮೇಲಾಗಿ, ಹೊರಡುವ ಮುನ್ನ ಮನೆಯ ಮುಂದೆ 120 ವೋಲ್ಟ್ ವಿದ್ಯುತ್ತಿನಲ್ಲಿ ಎರಡು ದಿನ ಓಡಿಸಿದಾಗ ಮಂಜು ಕಟ್ಟುವಷ್ಟು ತಣಿದಿತ್ತು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ: ವಿದ್ಯುತ್ತಿನಲ್ಲಿ ತಣಿದು ಗ್ಯಾಸಿನಲ್ಲಿ ತಣಿಯದಿದ್ದರೆ ಅಮೋನಿಯಾದ ಕೊಳವೆಗಳು ಆರೋಗ್ಯವಾಗಿವೆ, ದೋಷ ಉರಿಯಲ್ಲಿದೆ ಎಂದೇ ಅರ್ಥ. ಎರಡರಲ್ಲೂ ತಣಿಯದೆ, ಹಿಂಬದಿಯಲ್ಲಿ ಹಳದಿ ಪುಡಿಯೋ ಅಮೋನಿಯಾದ ಘಾಟೋ ಕಂಡರೆ ಮಾತ್ರ ಕೊಳವೆ ಸೋರಿದೆ ಎಂದು ಆಸೆ ಬಿಡಬೇಕು. ಅಡುಗೆ ಒಲೆ ನೀಲಿಯಾಗಿಯೇ ಉರಿಯುತ್ತಿದ್ದುದರಿಂದ ಸಿಲಿಂಡರ್, ರೆಗ್ಯುಲೇಟರ್‌ಗಳ ಮೇಲೂ ಅನುಮಾನ ಉಳಿಯಲಿಲ್ಲ.

ಹೊರಗಿನ ಕೆಳಗಿಂಡಿಯ ಮುಚ್ಚಳ ತೆಗೆದು ನೋಡಿದರೆ ಬರ್ನರಿನ ಜ್ವಾಲೆ ಹಳದಿಯಾಗಿ, ಸೋತಂತೆ ತೂಗಾಡುತ್ತಿತ್ತು. ಸಿಲಿಂಡರಿನ ಕವಾಟ ಮುಚ್ಚಿ, ಎಲ್ಲವೂ ಆರುವವರೆಗೆ ಅರ್ಧ ಗಂಟೆ ಕಾದೆ. ಅವಸರ ಮಾಡಬಾರದ ಜಾಗ ಇದು. ಬರ್ನರ್ ಬಿಚ್ಚಿದಾಗ ಅದರ ಸೀಳುಗಳ ಮೇಲೆ ಚಿಮಣಿಯಿಂದ ಉದುರಿದ ತುಕ್ಕಿನ ಚಕ್ಕೆಗಳು ಕೂತಿದ್ದವು, ಗಾಳಿ ಎಳೆದುಕೊಳ್ಳುವ ರಂಧ್ರದೊಳಗೆ ಜೇಡ ದಟ್ಟವಾಗಿ ಬಲೆ ನೇಯ್ದಿತ್ತು. ಗಾಳಿ ಸಾಲದ ಉರಿ ಹಳದಿಯಾಗುತ್ತದೆ, ಮಸಿ ಕಟ್ಟುತ್ತದೆ, ಇಂಗಾಲದ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಉಗುಳುತ್ತದೆ. ಅದನ್ನು ಪತ್ತೆಹಚ್ಚುವ, ಮಲಗುವ ಜಾಗದ ಎಚ್ಚರಿಕೆ ಯಂತ್ರದ ಬ್ಯಾಟರಿಯನ್ನು ಆಗಲೇ ಹೋಗಿ ಪರೀಕ್ಷಿಸಿ ಬಂದೆ.

ಚಿಮಣಿಯೊಳಗೆ ತಂತಿಯಲ್ಲಿ ತೂಗುವ ತಿರುಚಿದ ಲೋಹದ ಪಟ್ಟಿಯನ್ನು ಮೇಲಕ್ಕೆಳೆದು ತೆಗೆದು, ಉದ್ದನೆಯ ಬ್ರಷ್‌ನಿಂದ ಕೊಳವೆಯನ್ನು ಉಜ್ಜಿದೆ. ಬಿಸಿಗಾಳಿ ಸುಮ್ಮನೆ ಮೇಲೆ ಹಾರಿಹೋಗದಂತೆ ಶಾಖವನ್ನು ಕೊಳವೆಯ ಗೋಡೆಗೆ ಒತ್ತಿಹಿಡಿಯುವುದು ಆ ಪಟ್ಟಿಯೇ, ಆದ್ದರಿಂದ ತೆಗೆಯುವ ಮೊದಲೇ ತಂತಿಯ ಉದ್ದವನ್ನು ಗುರುತು ಮಾಡಿಟ್ಟುಕೊಂಡಿದ್ದೆ. ಗ್ಯಾಸ್ ಹೊಮ್ಮುವ ಜೆಟ್ಟನ್ನು ಸೂಜಿಯಿಂದ ಚುಚ್ಚಲೇಬಾರದು. ಕಣ್ಣಿಗೆ ಕಾಣದಷ್ಟು ಸಣ್ಣ ತೂತು ತುಸು ಹಿಗ್ಗಿದರೂ ಗ್ಯಾಸ್ ಹೆಚ್ಚಾಗಿ ಮತ್ತೆ ಮಸಿಯೇ ಗತಿ. ಆಲ್ಕೋಹಾಲಿನಲ್ಲಿ ನೆನೆಸಿ, ಪೂರ್ತಿ ಒಣಗಿಸಿ ಹಾಕಿದೆ.

ಎಲ್ಲವನ್ನೂ ಜೋಡಿಸಿ, ಕವಾಟ ತೆರೆದು, ಬಿಚ್ಚಿದ ಪ್ರತಿಯೊಂದು ಜೋಡಣೆಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ಖಚಿತವಾದ ಮೇಲೆ, ಹತ್ತೂವರೆಗೆ ಹೊತ್ತಿಸಿದೆ. ಮೂರನೆಯ ಕಿಡಿಗೆ ಜ್ವಾಲೆ ನೀಲಿಯಾಗಿ, ಅಲುಗದೆ ನಿಂತಿತು. ಅಷ್ಟು ಹೊತ್ತು ಪಕ್ಕದಲ್ಲೇ ಮಡಚುಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮ ಎದ್ದು ಬಂದು ಬಗ್ಗಿ ನೋಡಿದರು.

ಈ ಬಗೆಯ ಫ್ರಿಜ್ ನಿಧಾನವಾಗಿಯೇ ತಣಿಯುತ್ತದೆ. ಮಧ್ಯಾಹ್ನ ಪದೇ ಪದೇ ಬಾಗಿಲು ತೆರೆದು ನೋಡುವ ಆಸೆಯನ್ನು ತಡೆದುಕೊಂಡು, ಬಾಗಿಲಿನ ರಬ್ಬರಿಗೆ ಒಂದು ಡಾಲರ್ ನೋಟು ಸಿಕ್ಕಿಸಿ ಸುತ್ತಲೂ ಎಳೆದು ನೋಡಿದೆ. ಕೆಳಮೂಲೆಯೊಂದರಲ್ಲಿ ನೋಟು ಸಲೀಸಾಗಿ ಜಾರಿತು, ಊರಿಗೆ ಮರಳಿದ ಮೇಲೆ ಆ ರಬ್ಬರನ್ನು ಬದಲಿಸಬೇಕು. ಸಂಜೆ ಆರಕ್ಕೆ ಒಳಗೆ 8 ಡಿಗ್ರಿ ಇತ್ತು. ರಾತ್ರಿ ಹತ್ತಕ್ಕೆ 4 ಆಗಿದ್ದನ್ನು ಎರಡು ಸಲ ನೋಡಿ, ಇನ್ಸುಲಿನ್ನನ್ನು ಟವೆಲಿನಿಂದ ಬಿಡಿಸಿ ನಡುವಿನ ಅಂಕಣದಲ್ಲಿಟ್ಟೆ.