ಮಿಸಿಸಿಪ್ಪಿ ಬಯಲಿನ ಫ್ರೆಂಚ್ ಕೋಟೆ

ಅಮೆರಿಕದ ಸೇಂಟ್ ಲೂಯಿಸ್‌ನಿಂದ ಮಿಸಿಸಿಪ್ಪಿ ನದಿಯ ಇಲಿನಾಯ್ ಬದಿಯಲ್ಲಿ ದಕ್ಷಿಣಕ್ಕೆ ಹೊರಟರೆ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ. ಎಡಕ್ಕೆ ಸುಣ್ಣಕಲ್ಲಿನ ಕಡಿದಾದ ಬಂಡೆಗಳು, ಬಲಕ್ಕೆ ಬರೀ ಮುಸುಕಿನ ಜೋಳದ ಹೊಲ. ಪ್ರೇರಿ ಡು ರೋಶರ್ ಅನ್ನೋ ಪುಟ್ಟ ಊರು ದಾಟಿದರೆ, ಆ ಸಪಾಟು ಬಯಲಿನಲ್ಲಿ ಕಲ್ಲಿನ ದೊಡ್ಡ ಹೆಬ್ಬಾಗಿಲು ಎದ್ದು ಕಾಣುತ್ತದೆ. ಅದೇ ಫೋರ್ಟ್ ದ ಶಾರ್ತ್ರ್.

ಕೆನಡಾದಿಂದ ನ್ಯೂ ಆರ್ಲಿಯನ್ಸ್‌ವರೆಗೆ ಫ್ರೆಂಚರು ಹಿಡಿದಿದ್ದ ನಾಡಿಗೆ ಇದು ನಟ್ಟನಡುವಿನ ಠಾಣೆ. ಇಲ್ಲಿನ ಫಲವತ್ತಾದ ಮಣ್ಣಿನಲ್ಲಿ ಬೆಳೆದ ಗೋಧಿ ಹಿಟ್ಟಾಗಿ ದೋಣಿಗಳಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತಿತ್ತು. ಆ ಹೊಲಗಳಲ್ಲಿ ದುಡಿದವರಲ್ಲಿ ಆಫ್ರಿಕಾದಿಂದ ತಂದ ಗುಲಾಮರೂ ಇದ್ದರು. ಕೋಟೆಯ ಕಥೆ ಹೇಳುವಾಗ ಅವರನ್ನು ಮರೆಯಬಾರದು.

1720ರ ಮೊದಲ ಕೋಟೆ ಮರದ್ದು. ನೆರೆಗೆ ಸಿಕ್ಕಿ ಬೇಗ ಹಾಳಾಯಿತು. ಮತ್ತೆ ಮರದಲ್ಲೇ ಕಟ್ಟಿದರು, ಅದೂ ಉಳಿಯಲಿಲ್ಲ. ಕೊನೆಗೆ 1750ರ ದಶಕದಲ್ಲಿ, ಬರುವಾಗ ನಾವು ನೋಡಿದ ಅದೇ ಬಂಡೆಸಾಲಿನಿಂದ ಸುಣ್ಣಕಲ್ಲು ಒಡೆದು ತಂದು ಈ ಕೋಟೆ ಎಬ್ಬಿಸಿದರು. ಸುಮಾರು 15 ಅಡಿ ಎತ್ತರ, 3 ಅಡಿ ದಪ್ಪದ ಗೋಡೆ. ನಾಲ್ಕು ಮೂಲೆಗೆ ನಾಲ್ಕು ಕೊತ್ತಲ.

ಇಷ್ಟೆಲ್ಲ ಖರ್ಚು ಮಾಡಿ ಕಟ್ಟಿದ ಕೋಟೆಗೆ ಶತ್ರು ಮುತ್ತಿಗೆ ಹಾಕಲೇ ಇಲ್ಲ. ಅದು ಕೈಬಿಟ್ಟಿದ್ದು 1763ರ ಪ್ಯಾರಿಸ್ ಒಪ್ಪಂದದಲ್ಲಿ. ಬ್ರಿಟಿಷರ ಜೊತೆ ಅಮೆರಿಕದಲ್ಲೂ ಭಾರತದಲ್ಲೂ ನಡೆದ ಏಳು ವರ್ಷಗಳ ಯುದ್ಧದಲ್ಲಿ ಸೋತ ಫ್ರಾನ್ಸ್, ಮಿಸಿಸಿಪ್ಪಿಯ ಪೂರ್ವದ ನೆಲವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಿತು. ಪುದುಚೇರಿ ಫ್ರೆಂಚರಿಗೆ ವಾಪಸ್ ಸಿಕ್ಕಿದ್ದೂ ಇದೇ ಒಪ್ಪಂದದಲ್ಲಿ. 1760ರಲ್ಲಿ ಪುದುಚೇರಿಯ ಫ್ರೆಂಚರ ನೆರವಿಗೆ ಹೈದರ್ ಅಲಿ ಮೈಸೂರಿನಿಂದ ಸೇನೆ ಕಳಿಸಿದ್ದ, ಅಲ್ವಾ? ನಮ್ಮ ಕಡೆಯವರು ಕುದುರೆ ಓಡಿಸಿದ ಯುದ್ಧದ ಇನ್ನೊಂದು ತುದಿ ಈ ಜೋಳದ ಹೊಲಗಳ ನಡುವೆ ಇದೆ ಅಂತ ಹೊಳೆದಾಗ ಮೈ ಜುಮ್ಮೆಂದಿತು.

ಒಪ್ಪಂದವಾದರೂ ಬ್ರಿಟಿಷರಿಗೆ ಇಲ್ಲಿಗೆ ತಲುಪಲು ಎರಡೂವರೆ ವರ್ಷ ಹಿಡಿಯಿತು. ಒಟ್ಟಾವಾ ಬುಡಕಟ್ಟಿನ ನಾಯಕ ಪಾಂಟಿಯಾಕ್ ಮತ್ತು ಅವನ ಜೊತೆಗೂಡಿದ ಮೂಲನಿವಾಸಿಗಳು ದಾರಿ ಬಿಡಲಿಲ್ಲ. ಗೆದ್ದ ನೆಲಕ್ಕೆ ಕಾಲಿಡಲಾಗದೆ ಒಂದು ಸಾಮ್ರಾಜ್ಯ ಕಾದು ಕೂತಿತ್ತು! ನನಗೆ ಈ ಇಡೀ ಇತಿಹಾಸದಲ್ಲಿ ಜಾಸ್ತಿ ಹಿಡಿಸುವ ಭಾಗ ಇದೇ. 1765ರ ಅಕ್ಟೋಬರ್ 10ರಂದು ಸೇಂಟ್ ಆಂಜ್ ಎಂಬ ಫ್ರೆಂಚ್ ಅಧಿಕಾರಿ ಕೋಟೆಯನ್ನು ಬ್ರಿಟಿಷ್ ಕ್ಯಾಪ್ಟನ್ ಸ್ಟರ್ಲಿಂಗ್‌ಗೆ ಒಪ್ಪಿಸಿ, ನದಿ ದಾಟಿ ಸೇಂಟ್ ಲೂಯಿಸ್ ಸೇರಿದ. ಬ್ರಿಟಿಷರೂ ಹೆಚ್ಚು ಕಾಲ ನಿಲ್ಲಲಿಲ್ಲ. ದಡ ಕೊರೆಯುತ್ತಾ ಬಂದ ನದಿ 1772ರಲ್ಲಿ ದಕ್ಷಿಣದ ಗೋಡೆಯನ್ನೇ ಕೆಡವಿತು. ಉಳಿದ ಕಲ್ಲನ್ನು ಸುತ್ತಲಿನ ಜನ ಮನೆ ಕಟ್ಟಲು ಹೊತ್ತೊಯ್ದರು.

ಹಾಗಾಗಿ ಈಗ ಕಾಣುವ ಹೆಬ್ಬಾಗಿಲು, ಗೋಡೆ ಎಲ್ಲ 20ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಸೈನಿಕರ ಒಂದು ವಸತಿ ಇದ್ದ ಜಾಗದಲ್ಲಿ ಬರೀ ಮರದ ಚೌಕಟ್ಟು ನಿಲ್ಲಿಸಿದ್ದಾರೆ. ಗೋಡೆ ಇಲ್ಲ, ಆಕಾರ ಮಾತ್ರ. ಸುಳ್ಳು ಹಳೆತನ ತೋರಿಸೋದಕ್ಕಿಂತ ಇದು ಎಷ್ಟೋ ಮೇಲು. ಅಸಲಿ ಕಟ್ಟಡ ಉಳಿದಿರೋದು ಒಂದೇ: ಸಿಡಿಮದ್ದಿನ ಮನೆ. ಇಲಿನಾಯ್ ರಾಜ್ಯದ ಅತಿ ಹಳೆಯ ಕಟ್ಟಡ ಇದೇ ಎನ್ನುತ್ತಾರೆ. ಕಮಾನಿನ ಛಾವಣಿಯ ದಪ್ಪ ಕಲ್ಲಿನ ಕೋಣೆ. ಹೋದವರು ಹೆಬ್ಬಾಗಿಲ ಮುಂದೆ ಫೋಟೊ ತೆಗೆದು ವಾಪಸಾಗಬೇಡಿ, ಸುಮ್ನೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಈ ಕಲ್ಲನ್ನು ಆ ಕಾಲದವರೇ ಇಟ್ಟಿದ್ದು.

ನದಿ ಈಗ ದೂರ ಸರಿದಿದೆ. ನಡುವೆ ಎತ್ತರದ ಮಣ್ಣಿನ ಏರಿ. 1993ರ ಮಹಾನೆರೆಯಲ್ಲಿ ಆ ಏರಿಯೂ ತಡೆಯಲಿಲ್ಲ, ಕೋಟೆ ಮುಳುಗಿತು. ಪ್ರೇರಿ ಡು ರೋಶರ್ ಊರು ಮಾತ್ರ ಉಳಿಯಿತು. ಅಲ್ಲಿ ಪ್ರತಿ ಡಿಸೆಂಬರ್ 31ರ ರಾತ್ರಿ ಜನ ವೇಷ ಹಾಕಿ, ಪಿಟೀಲು ನುಡಿಸುತ್ತಾ, ಹಳೆಯ ಫ್ರೆಂಚ್ ಹಾಡು ಹೇಳುತ್ತಾ ಮನೆಮನೆಗೆ ಹೋಗುತ್ತಾರೆ. ಜೂನ್ ತಿಂಗಳಲ್ಲಿ ಕೋಟೆಯ ಒಳಗೆ ಹಳೇ ಕಾಲದ ಉಡುಪು, ಬಂದೂಕುಗಳ ದೊಡ್ಡ ಮೇಳ ಇರುತ್ತದೆ. ಹೋಗೋದಾದರೆ ಆಗ ಹೋಗಿ.