ಮನೆಯಲ್ಲೇ ಕ್ಯಾಂಡಿ ಆ್ಯಪಲ್: ಎಲ್ಲ ತಂಟೆಯೂ ನೀರಿನದ್ದೇ

ಕ್ಯಾಂಡಿ ಆ್ಯಪಲ್ ಅಂದರೆ ಕಡ್ಡಿಗೆ ಚುಚ್ಚಿದ ಸೇಬನ್ನು ಸಕ್ಕರೆ ಪಾಕದಲ್ಲಿ ಅದ್ದಿ, ಮೇಲೆ ಗಾಜಿನಂಥ ಗಟ್ಟಿ ಪದರ ಕಟ್ಟಿಸಿದ ತಿಂಡಿ. ಅದಕ್ಕೆ ಬೇಕಾದದ್ದು ಸೇಬು, ಸಕ್ಕರೆ, ನೀರು, ಒಂದಿಷ್ಟು ಬಣ್ಣ, ಒಂದು ಕಡ್ಡಿ. ಅಷ್ಟೇ. ಆದರೂ ಮಾಡಿ ನೋಡಿದವರನ್ನು ಕೇಳಿ, ಕೆಲವರು "ಕೈಗೆಲ್ಲ ಅಂಟ್ಕೊಳ್ತು" ಅಂತಾರೆ, ಕೆಲವರು "ಸಕ್ಕರೆ ಪೂರ್ತಿ ಜಾರಿ ತಟ್ಟೆಗೇ ಬಂತು" ಅಂತಾರೆ, ಇನ್ನು ಕೆಲವರು ಮೈಮೇಲೆಲ್ಲ ಗುಳ್ಳೆ ಎದ್ದ ಸೇಬಿನ ಫೋಟೋ ತೋರಿಸುತ್ತಾರೆ. ಮೂರಕ್ಕೂ ಕಾರಣ ಒಂದೇ: ನೀರು. ಪಾಕದಲ್ಲಿ ಉಳಿದುಹೋದ ನೀರು, ಸಿಪ್ಪೆಯ ಮೇಲಿನ ನೀರು, ಗಾಳಿಯಲ್ಲಿರುವ ನೀರು. ಈ ಮೂರನ್ನು ಹಿಡಿತಕ್ಕೆ ತಂದುಕೊಂಡರೆ ಉಳಿದದ್ದು ಸಲೀಸು.

ಇದನ್ನು ಶರತ್ಕಾಲದಲ್ಲೇ ಯಾಕೆ ಮಾಡುತ್ತಾರೆ ಅನ್ನುವುದಕ್ಕೆ ಸರಳ ಉತ್ತರ, ಆಗ ಸೇಬಿನ ಕೊಯ್ಲು. ಅಮೆರಿಕದಲ್ಲಿ ಅಕ್ಟೋಬರ್ 31ರ ಹ್ಯಾಲೊವೀನ್‌ಗೆ ಇದು ಬೇಕೇ ಬೇಕು. ಬ್ರಿಟನ್ನಿನಲ್ಲಿ ನವೆಂಬರ್ 5ರ ಬಾನ್‌ಫೈರ್ ನೈಟ್‌ಗೆ ಇದೇ ತಿಂಡಿ ಟಾಫಿ ಆ್ಯಪಲ್ ಅಂತ ಬರುತ್ತದೆ, ಬೆಂಕಿ ಸುತ್ತ ನಿಂತುಕೊಂಡು ತಿನ್ನುವುದಕ್ಕೆ. ಹಾಗಂತ ಇದು ಶರತ್ಕಾಲಕ್ಕೆ ಮಾತ್ರ ಸೇರಿದ್ದಲ್ಲ. ಜಪಾನಿನಲ್ಲಿ ಬೇಸಿಗೆ ಜಾತ್ರೆಗಳಲ್ಲಿ ರಿಂಗೊ ಅಮೆ ಅಂತ ಇದನ್ನೇ ಮಾರುತ್ತಾರೆ, ಬ್ರೆಜಿಲ್‌ನಲ್ಲಿ ಜೂನ್ ತಿಂಗಳ ಹಬ್ಬಗಳಲ್ಲಿ ಸಿಗುತ್ತದೆ.

ಅಮೆರಿಕದಲ್ಲಿ ಇದನ್ನು ಶುರು ಮಾಡಿದ ಹೆಸರು ಸಾಮಾನ್ಯವಾಗಿ ವಿಲಿಯಂ ಕೋಲ್ಬ್ ಅನ್ನುವ ಮಿಠಾಯಿ ವ್ಯಾಪಾರಿಗೆ ಹೋಗುತ್ತದೆ. ಊರು ನ್ಯೂಜೆರ್ಸಿಯ ನ್ಯೂವಾರ್ಕ್, ವರ್ಷ 1908. ಕ್ರಿಸ್‌ಮಸ್ ವ್ಯಾಪಾರಕ್ಕೆ ಅಂತ ಕೆಂಪು ದಾಲ್ಚಿನ್ನಿ ಮಿಠಾಯಿ ಮಾಡುತ್ತಿದ್ದವನು, ಸುಮ್ನೆ ಅಂಗಡಿಯ ಕಿಟಕಿಯಲ್ಲಿ ಚೆಂದ ಕಾಣಲಿ ಅಂತ ಸೇಬುಗಳನ್ನು ಆ ಪಾಕದಲ್ಲಿ ಅದ್ದಿ ಇಟ್ಟನಂತೆ. ಬಂದವರು ಮಿಠಾಯಿ ಬಿಟ್ಟು ಆ ಸೇಬನ್ನೇ ಕೇಳಿದರು. ಒಂದಕ್ಕೆ 5 ಸೆಂಟ್‌ನಂತೆ ಮಾರಿದ. ಅಲ್ಲಿಂದ ಸರ್ಕಸ್ಸು, ಕಡಲತೀರದ ಅಂಗಡಿ ಅಂತ ಹಬ್ಬಿತು. ಇವತ್ತಿಗೂ ಅಮೆರಿಕದ ಪಾಕವಿಧಾನಗಳಲ್ಲಿ ದಾಲ್ಚಿನ್ನಿ ಎಣ್ಣೆ ಕಾಣಿಸುವುದು ಇದೇ ಕಾರಣಕ್ಕೆ ಇರಬಹುದು.

ಈಗ ಸೇಬಿನ ವಿಷಯ. ದೊಡ್ಡದು ಬೇಡ. ಅಂಗೈಯಲ್ಲಿ ಆರಾಮಾಗಿ ಕೂರುವಷ್ಟು ಚಿಕ್ಕದಿದ್ದರೆ ಸಾಕು, ಯಾಕೆಂದರೆ ದೊಡ್ಡ ಸೇಬಿನಲ್ಲಿ ಎರಡು ಬಾಯಿ ತಿನ್ನುವಷ್ಟರಲ್ಲಿ ಸಕ್ಕರೆ ಪದರ ಮುಗಿದು ಆಮೇಲೆ ಬರೀ ಸೇಬು ಅಗಿಯುತ್ತಾ ಕೂರಬೇಕಾಗುತ್ತದೆ. ಹುಳಿ ಇರಬೇಕು, ಗಟ್ಟಿ ಇರಬೇಕು. ಗ್ರಾನಿ ಸ್ಮಿತ್ ಅನ್ನುವ ಹಸಿರು ಸೇಬು ಇದಕ್ಕೆ ಹೇಳಿ ಮಾಡಿಸಿದ್ದು. ಹೊರಗಿನ ಪದರ ಶುದ್ಧ ಸಕ್ಕರೆ, ಒಳಗೂ ಸಿಹಿಯೇ ಆದರೆ ತಿನ್ನುವುದೇ ಕಷ್ಟ. ರೆಡ್ ಡೆಲಿಷಿಯಸ್ ನೋಡೋಕೆ ಚೆಂದ, ಆದರೆ ಸ್ವಲ್ಪ ದಿನ ಇಟ್ಟಿದ್ದು ಒಳಗೆ ಹಿಟ್ಟುಹಿಟ್ಟಾಗಿರುತ್ತದೆ, ನಾನಂತೂ ಇದಕ್ಕೆ ಬಳಸುವುದಿಲ್ಲ.

ಅಂಗಡಿ ಸೇಬಿನ ಮೇಲೆ ಸಾಮಾನ್ಯವಾಗಿ ಮೇಣ ಸವರಿರುತ್ತಾರೆ. ಅದು ತಿಂದರೆ ಏನೂ ಆಗುವುದಿಲ್ಲ, ಆದರೆ ಪಾಕ ಅದರ ಮೇಲೆ ನಿಲ್ಲುವುದಿಲ್ಲ. ಕುದಿಯುವ ನೀರಿಗೆ ಒಂದು ಚಮಚ ವಿನೆಗರ್ ಹಾಕಿ, ಸೇಬನ್ನು ಐದಾರು ಸೆಕೆಂಡ್ ಅದ್ದಿ ತೆಗೆದು, ಒರಟು ಬಟ್ಟೆಯಲ್ಲಿ ಉಜ್ಜಿ. ಸಿಪ್ಪೆಯ ಹೊಳಪು ಹೋಗಿ ಮಂಕಾಗುತ್ತದೆ. ಮಂಕಾದರೇ ಸರಿ. ಜಾಸ್ತಿ ಹೊತ್ತು ಬಿಟ್ಟರೆ ಸಿಪ್ಪೆ ಬೇಯುತ್ತದೆ, ಹುಷಾರು.

ಆಮೇಲೆ ಒಣಗಿಸುವುದು. ಇಲ್ಲಿ ಅವಸರ ಮಾಡಲೇಬಾರದು. ತೊಟ್ಟು ಕಿತ್ತ ಕುಳಿಯಲ್ಲಿ ಒಂದು ಹನಿ ನೀರು ಕೂತಿರುತ್ತದೆ, ಬಟ್ಟೆಯ ತುದಿಯನ್ನು ತಿರುಚಿ ಅದರೊಳಗೆ ಹಾಕಿ ಒರೆಸಿ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಸೇಬು ಬೇಡವೇ ಬೇಡ. ತಣ್ಣಗಿರುವ ಸಿಪ್ಪೆಯ ಮೇಲೆ ಗಾಳಿಯ ತೇವ ಬೆವರಿನಂತೆ ಕೂರುತ್ತದೆ, ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. 150 ಡಿಗ್ರಿ ಪಾಕ ತಗುಲಿದ ತಕ್ಷಣ ಆ ತೇವ ಆವಿಯಾಗುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ, ಅದೇ ಗುಳ್ಳೆ. ಹಿಂದಿನ ರಾತ್ರಿಯೇ ತೊಳೆದು ಹೊರಗಿಟ್ಟುಬಿಟ್ಟರೆ ಈ ರಗಳೆಯೇ ಇಲ್ಲ. ಕಡ್ಡಿಯನ್ನು ತೊಟ್ಟಿನ ಕಡೆಯಿಂದ ಮುಕ್ಕಾಲು ಭಾಗ ಒಳಗೆ ಹೋಗುವಂತೆ ಚುಚ್ಚಿ. ಆರ್‌ಪಾರ್ ಆದರೆ ಕೆಳಗಿಂದ ರಸ ಸೋರುತ್ತದೆ. ಚೆಂದ ಕಾಣುತ್ತದೆ ಅಂತ ಯಾವುದೋ ಮರದ ಕಡ್ಡಿ ಮುರಿದು ಚುಚ್ಚುವವರಿದ್ದಾರೆ, ಯಾವ ಮರ ಅಂತ ಗೊತ್ತಿಲ್ಲದಿದ್ದರೆ ಆ ಸಾಹಸ ಬೇಡ.

ಪಾಕಕ್ಕೆ ಬರೋಣ. ಎಂಟು ಚಿಕ್ಕ ಸೇಬಿಗೆ ಮೂರು ಕಪ್ ಸಕ್ಕರೆ, ಒಂದು ಕಪ್ ನೀರು, ಅರ್ಧ ಕಪ್ ಕಾರ್ನ್ ಸಿರಪ್ (ಮೆಕ್ಕೆಜೋಳದಿಂದ ಮಾಡುವ ಗ್ಲೂಕೋಸ್ ಪಾಕ). ಕಾರ್ನ್ ಸಿರಪ್ ಇಲ್ಲದಿದ್ದರೆ ಲಿಕ್ವಿಡ್ ಗ್ಲೂಕೋಸ್. ಅದನ್ನು ಹಾಕುವುದು ಸಿಹಿಗಲ್ಲ. ಬರೀ ಸಕ್ಕರೆ ಪಾಕ ಅವಕಾಶ ಸಿಕ್ಕರೆ ಸಾಕು, ಮತ್ತೆ ಹರಳು ಕಟ್ಟಿಕೊಳ್ಳುತ್ತದೆ. ಗ್ಲೂಕೋಸ್ ನಡುವೆ ಸೇರಿಕೊಂಡರೆ ಸಕ್ಕರೆಯ ಕಣಗಳು ಒಂದಕ್ಕೊಂದು ಸಾಲಾಗಿ ಜೋಡಿಸಿಕೊಳ್ಳಲು ಬಿಡುವುದಿಲ್ಲ, ಅದಕ್ಕೇ ಪದರ ಪಾರದರ್ಶಕವಾಗಿ ಉಳಿಯುವುದು. ಎರಡೂ ಸಿಗದಿದ್ದರೆ ಒಂದು ಚಿಕ್ಕ ಚಮಚ ನಿಂಬೆರಸ ಹಾಕಬಹುದು. ಹುಳಿ ಸೇರಿ ಕುದಿಯುವಾಗ ಒಂದಿಷ್ಟು ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅದೂ ಇದೇ ಕೆಲಸ ಮಾಡುತ್ತದೆ. ಆದರೆ ಫ್ರಕ್ಟೋಸ್‌ಗೆ ಗಾಳಿಯ ತೇವ ಎಳೆದುಕೊಳ್ಳುವ ಚಾಳಿ ಜಾಸ್ತಿ. ನಿಂಬೆ ಹೆಚ್ಚಾದರೆ, ಅಥವಾ ಸಣ್ಣ ಉರಿಯಲ್ಲಿ ಬಹಳ ಹೊತ್ತು ಕುದಿಸಿದರೆ, ಸೇಬು ಬೇಗ ಅಂಟಾಗುತ್ತದೆ.

ದಪ್ಪ ತಳದ, ಆಳವಾದ ಪಾತ್ರೆ ತೆಗೆದುಕೊಳ್ಳಿ. ಸಕ್ಕರೆ ಕರಗುವವರೆಗೆ ಕೈಯಾಡಿಸಿ, ಬಣ್ಣ ಹಾಕಿ, ಕುದಿ ಬಂದ ಮೇಲೆ ಚಮಚ ಪಕ್ಕಕ್ಕಿಡಿ. ಮತ್ತೆ ಮುಟ್ಟಬೇಡಿ. ಪಾತ್ರೆಯ ಒಳಗೋಡೆಯಲ್ಲಿ ಸಕ್ಕರೆ ಹರಳು ಅಂಟಿದ್ದರೆ ಎರಡು ನಿಮಿಷ ಮುಚ್ಚಳ ಮುಚ್ಚಿ, ಆವಿಯೇ ತೊಳೆದು ಕೆಳಗಿಳಿಸುತ್ತದೆ. ಒಂದೇ ಒಂದು ಹರಳು ಕೊನೆಯಲ್ಲಿ ಬಿದ್ದರೂ ಇಡೀ ಪಾಕ ಮರಳಿನಂತಾಗಬಹುದು.

ಮನೆಯಲ್ಲಿ ಸಿಹಿ ಮಾಡುವವರಿಗೆ ಎಳೆ ಪಾಕ, ಉಂಡೆ ಪಾಕ ಗೊತ್ತೇ ಇರುತ್ತದೆ ಅಲ್ವಾ, ಇದು ಅವೆಲ್ಲ ದಾಟಿದ ಮೇಲೆ ಬರುವ ಹದ. ಎಳೆ ಪಾಕ 110 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮೆತ್ತಗಿನ ಉಂಡೆ 115ರ ಹತ್ತಿರ. ನಮಗೆ ಬೇಕಾದದ್ದು 149ರಿಂದ 154. ಥರ್ಮಾಮೀಟರ್ ನಿಜವಾಗಿ ಹೇಳುತ್ತಿರುವುದು ಪಾಕದಲ್ಲಿ ಇನ್ನೆಷ್ಟು ನೀರು ಉಳಿದಿದೆ ಅಂತ. ನೀರು ಕಮ್ಮಿಯಾದಷ್ಟೂ ಕುದಿಯುವ ಬಿಂದು ಮೇಲೇರುತ್ತದೆ, 150ರ ಹೊತ್ತಿಗೆ ಪಾಕದಲ್ಲಿ ಶೇ 99ರಷ್ಟು ಸಕ್ಕರೆಯೇ. 140ಕ್ಕೆ ಇಳಿಸಿಬಿಟ್ಟರೆ ಉಳಿದ ಆ ಸ್ವಲ್ಪ ನೀರೇ ಹಲ್ಲಿಗೆ ಅಂಟುವ ಪದರ ಮಾಡುತ್ತದೆ. 160 ದಾಟಿದರೆ ಕ್ಯಾರಮೆಲ್ ಆಗಲು ಶುರು, ಕೆಂಪು ಬಣ್ಣ ಕಂದು ತಿರುಗುತ್ತದೆ, ಕಹಿಯ ಎಳೆಯೂ ಬರುತ್ತದೆ.

ಶುರುವಿನಲ್ಲಿ ಮುಳ್ಳು ಏರುವುದೇ ಇಲ್ಲ ಅನ್ನಿಸುತ್ತದೆ. 110ರ ಸುತ್ತಮುತ್ತ ಎಷ್ಟೋ ಹೊತ್ತು ಕೂತಿರುತ್ತದೆ, ದೊಡ್ಡ ದೊಡ್ಡ ಗುಳ್ಳೆ ಸದ್ದು ಮಾಡುತ್ತಾ ಒಡೆಯುತ್ತಿರುತ್ತವೆ. ಆಮೇಲೆ ಗುಳ್ಳೆ ಸಣ್ಣದಾಗುತ್ತದೆ, ಪಾಕ ದಪ್ಪಗಾಗುತ್ತದೆ, ಸದ್ದು ಇಳಿಯುತ್ತದೆ. 130 ದಾಟಿದರೆ ಸರಸರ ಏರುತ್ತದೆ. ಫೋನ್ ನೋಡುವುದಿದ್ದರೆ ಅದಕ್ಕೆ ಮೊದಲು ನೋಡಿಕೊಳ್ಳಿ.

ನೀವು ಎತ್ತರದ ಜಾಗದಲ್ಲಿದ್ದರೆ ಲೆಕ್ಕ ಬದಲಾಗುತ್ತದೆ. ಸುಮಾರು 300 ಮೀಟರ್ ಮೇಲೇರಿದಂತೆ ನೀರು ಕುದಿಯುವ ಬಿಂದು 1 ಡಿಗ್ರಿ ಇಳಿಯುತ್ತದೆ. ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಅದ್ದಿ ನೋಡಿ. 97 ತೋರಿಸಿದರೆ ಪಾಕವನ್ನೂ 3 ಡಿಗ್ರಿ ಮೊದಲೇ ಇಳಿಸಿ. ಥರ್ಮಾಮೀಟರ್ ಹಳೆಯದಾಗಿ ತಪ್ಪು ತೋರಿಸುತ್ತಿದ್ದರೆ ಅದೂ ಇದರಲ್ಲೇ ಸರಿಹೋಗುತ್ತದೆ. ಥರ್ಮಾಮೀಟರ್ ಇಲ್ಲವೇ? ತಣ್ಣೀರಿಗೆ ಒಂದು ಹನಿ ಬಿಡಿ. ಗಟ್ಟಿ ಎಳೆಯಾಗಿ, ಬಗ್ಗಿಸಿದರೆ ಬಾಗದೆ ಟಕ್ ಅಂತ ಮುರಿಯಬೇಕು. ಬಾಗಿದರೆ ಇನ್ನೂ ಕುದಿಸಿ.

ದಾಲ್ಚಿನ್ನಿ ಎಣ್ಣೆ ಹಾಕುವುದಿದ್ದರೆ ಒಲೆ ಆರಿಸಿದ ಮೇಲೆ, ಎರಡು ಮೂರು ಹನಿ, ಮುಖ ಆ ಕಡೆ ತಿರುಗಿಸಿಕೊಂಡು. ಅದರ ಆವಿ ಕಣ್ಣಿಗೆ ಉರಿ. ತಿನ್ನಲು ಯೋಗ್ಯ ಅಂತ ಬರೆದಿರುವ ಎಣ್ಣೆಯನ್ನೇ ತರಬೇಕು.

ಒಲೆ ಆರಿಸಿ ಒಂದು ನಿಮಿಷ ಬಿಟ್ಟರೆ ಗುಳ್ಳೆಗಳು ತಾವಾಗೇ ಸಾಯುತ್ತವೆ. ಪಾತ್ರೆಯನ್ನು ಓರೆ ಮಾಡಿ, ಸೇಬನ್ನು ಇಳಿಸಿ, ಒಂದು ಸುತ್ತು ತಿರುಗಿಸಿ, ಮೇಲೆತ್ತಿ. ಎರಡು ಮೂರು ಸೆಕೆಂಡಿನ ಕೆಲಸ. ಹೆಚ್ಚಿನ ಪಾಕ ಇಳಿಯುವವರೆಗೆ ಪಾತ್ರೆಯ ಮೇಲೆಯೇ ಹಿಡಿದಿರಿ, ತಳವನ್ನು ಅಂಚಿಗೆ ಸವರಿ, ಎಣ್ಣೆ ಸವರಿದ ಬೇಕಿಂಗ್ ಕಾಗದದ ಮೇಲೆ ಇಡಿ. ಕೆಳಗೆ ಬಿಲ್ಲೆಯಂತೆ ಒಂದು ಪಾದ ಕಟ್ಟಿಕೊಳ್ಳುತ್ತದೆ. ಅದನ್ನು ದೋಷ ಅನ್ನುವವರಿದ್ದಾರೆ, ನನಗೆ ಅದೇ ಎಲ್ಲಕ್ಕಿಂತ ಇಷ್ಟ, ಮೊದಲು ಮುರಿದು ತಿನ್ನುವುದೇ ಅದನ್ನು. ನಡುವೆ ಪಾಕ ದಪ್ಪಗಾದರೆ ಸಣ್ಣ ಉರಿಯಲ್ಲಿ ಮತ್ತೆ ಬಿಸಿ ಮಾಡಿ, ಕಲಕಬೇಡಿ.

ಒಂದು ಮಾತು ಖಡಾಖಂಡಿತ. ಅದ್ದುವ ಕೆಲಸ ಮಕ್ಕಳಿಗೆ ಬೇಡ. ಕುದಿಯುವ ನೀರು ಬಿದ್ದರೆ ಹರಿದು ಹೋಗುತ್ತದೆ, ಪಾಕ ಬಿದ್ದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಪಕ್ಕದಲ್ಲಿ ಒಂದು ದೊಡ್ಡ ಬಟ್ಟಲು ತಣ್ಣೀರು ಇಟ್ಟುಕೊಂಡೇ ಶುರು ಮಾಡಿ. ಕಡ್ಡಿ ಚುಚ್ಚುವುದು, ಸೇಬು ಒರೆಸುವುದು, ಬಣ್ಣ ಆರಿಸುವುದು ಮಕ್ಕಳ ಪಾಲಿಗೆ ಬಿಡಿ. ಹ್ಯಾಲೊವೀನ್‌ಗೆ ಅವರು ಆರಿಸುವುದು ಕಪ್ಪು ಬಣ್ಣವೇ, ವಿಷದ ಸೇಬು ಅಂತ.

ಇಡುವುದು ಹೇಗೆ? ಫ್ರಿಜ್‌ನಲ್ಲಿಟ್ಟರೆ ಹೊರಗೆ ತೆಗೆದ ಕೂಡಲೇ ಬೆವರುತ್ತದೆ, ಹೊಳಪು ಹೋಗಿ ಜಿಗುಟಾಗುತ್ತದೆ. ತಣ್ಣಗಾದ ತಕ್ಷಣ ಸೆಲೋಫೇನ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ. ಆದರೂ ಹೆಚ್ಚು ದಿನದ ಮಾತಲ್ಲ, ಕಡ್ಡಿ ಚುಚ್ಚಿದ ಜಾಗದಿಂದ ರಸ ಜಿನುಗಿ ಪದರವನ್ನು ಒಳಗಿಂದಲೇ ಕರಗಿಸುತ್ತಾ ಬರುತ್ತದೆ. ಮಾಡಿದ ದಿನವೇ ತಿನ್ನಿ, ತಪ್ಪಿದರೆ ಮರುದಿನ.

ಮೆತ್ತಗಿನ ಕ್ಯಾರಮೆಲ್ ಹಚ್ಚುವ ಸೇಬಿಗೆ ಮಾತ್ರ ಈ ಫ್ರಿಜ್ ನಿಯಮ ಉಲ್ಟಾ. ಅದು ಬೇರೆಯೇ ತಿಂಡಿ. 1950ರ ದಶಕದಲ್ಲಿ ಕ್ರಾಫ್ಟ್ ಕಂಪನಿಯ ಡ್ಯಾನ್ ವಾಕರ್ ಹ್ಯಾಲೊವೀನ್‌ನಲ್ಲಿ ಉಳಿದ ಕ್ಯಾರಮೆಲ್ ಮಿಠಾಯಿ ಕರಗಿಸಿ ಮಾಡಿದ್ದು ಅಂತ ಕಥೆ. 2014ರಲ್ಲಿ ಅಮೆರಿಕದಲ್ಲಿ ಕಾರ್ಖಾನೆಯಲ್ಲಿ ಮಾಡಿ ಪ್ಯಾಕ್ ಮಾಡಿದ ಇಂಥ ಸೇಬುಗಳಿಂದ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಹರಡಿ 12 ರಾಜ್ಯಗಳಲ್ಲಿ 35 ಜನ ಕಾಯಿಲೆ ಬಿದ್ದರು, 7 ಮಂದಿ ತೀರಿಕೊಂಡರು. ಆಮೇಲೆ ಪರೀಕ್ಷಿಸಿ ನೋಡಿದಾಗ ಕಂಡದ್ದು: ಕಡ್ಡಿ ಚುಚ್ಚಿದಾಗ ಹೊರಬರುವ ರಸ ಸಿಪ್ಪೆಗೂ ಕ್ಯಾರಮೆಲ್‌ಗೂ ನಡುವೆ ಸೇರಿಕೊಳ್ಳುತ್ತದೆ, ಹೊರಗಿಟ್ಟರೆ ಅಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ಫ್ರಿಜ್‌ನಲ್ಲಿಟ್ಟರೆ ನಿಧಾನ. ಹಾಗಾಗಿ ಕ್ಯಾರಮೆಲ್ ಸೇಬು ಇಡುವುದಿದ್ದರೆ ಫ್ರಿಜ್‌ನಲ್ಲೇ ಇಡಿ.

ಇನ್ನು ತಿನ್ನುವುದು. ಮುಂದಿನ ಹಲ್ಲಿನಿಂದ ನೇರ ಕಚ್ಚಬೇಡಿ, ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಂತೂ ಬೇಡವೇ ಬೇಡ. ಹಲಗೆಯ ಮೇಲಿಟ್ಟು ಭಾರದ ಚಾಕುವಿನಿಂದ ಕಡ್ಡಿಯ ಪಕ್ಕದಲ್ಲಿ ಒಂದೇ ಏಟಿಗೆ ಸೀಳಿ. ಪದರ ಚೂರಾಗುತ್ತದೆ, ಹೋಳಿನ ಜೊತೆ ಸೇರಿಸಿಕೊಂಡು ತಿನ್ನಬಹುದು. ಪಾತ್ರೆಯಲ್ಲಿ ಉಳಿದ ಪಾಕವನ್ನು ಅದೇ ಕಾಗದದ ಮೇಲೆ ತೆಳ್ಳಗೆ ಸುರಿದುಬಿಡಿ, ಮುರಿದು ಡಬ್ಬಿಗೆ ಹಾಕಿಟ್ಟರೆ ಮಿಠಾಯಿ. ಪಾತ್ರೆಯನ್ನು ಕೆರೆಯುತ್ತಾ ಕೂರಬೇಡಿ, ನೀರು ತುಂಬಿಸಿ ಒಂದು ಕುದಿ ಕುದಿಸಿ, ತಾನಾಗೇ ಬಿಡುತ್ತದೆ.