ಸಿಯೆನಾದಿಂದ ಸಮುದ್ರದವರೆಗೆ, ಡಾಮರಿಲ್ಲದ ದಾರಿಯಲ್ಲಿ

ಕಾಸರಗೋಡಿನ ಪೆರ್ಲ, ಬಾಯಾರು ಕಡೆಯ ಪದವಿನಲ್ಲಿ, ಎಂದರೆ ಗುಡ್ಡೆಯ ಮೇಲಿನ ಬೋಳು ಬಯಲಿನಲ್ಲಿ, ಸೈಕಲ್ ತುಳಿದವರಿಗೆ ಗೊತ್ತು, ಮುರಕಲ್ಲಿನ ಸಣ್ಣ ಹರಳುಗಳು ಚಕ್ರದ ಅಡಿಯಲ್ಲಿ ಗೋಲಿಯ ಹಾಗೆ ಉರುಳುತ್ತವೆ. ತಿರುವಿನಲ್ಲಿ ಮುಂದಿನ ಬ್ರೇಕು ಹಿಡಿದಿರೋ, ಮೊಣಕಾಲಿನ ಚರ್ಮ ಹೋಯಿತು. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುಗುವಾಗ ಬ್ರೇಕಿನಿಂದ ಬೆರಳು ತೆಗೆದುಬಿಡಬೇಕು. ಇದನ್ನು ನಾನು ಕಲಿತದ್ದು ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ. ಕಳೆದ ಬೇಸಗೆ ರಜೆಯಲ್ಲಿ, ಮೇ ಮೊದಲ ವಾರ, ತಮ್ಮನ ಜೊತೆ ಇಟಲಿಯ ಟಸ್ಕನಿಯಲ್ಲಿ ಆರು ದಿನ ಸೈಕಲ್ ಹೊಡೆದಾಗ ಅದೇ ಪಾಠ ನನ್ನನ್ನು ಕಾಪಾಡಿತು.

ಅಲ್ಲಿನ ಮಣ್ಣುದಾರಿಗಳಿಗೆ ‘ಸ್ತ್ರಾದೆ ಬಿಯಾಂಕೆ’ ಎಂದು ಹೆಸರು. ಬಿಳಿ ದಾರಿಗಳು ಅಂತ ಅರ್ಥ. ಕಿಯಾಂತಿ ಗುಡ್ಡಗಳಲ್ಲಿ ಸುಣ್ಣಕಲ್ಲಿನ ಜಲ್ಲಿ, ಸಿಯೆನಾ ಪಟ್ಟಣದ ದಕ್ಷಿಣಕ್ಕೆ ಬಂದರೆ ಬೂದು ಜೇಡಿ. ಒಣಗಿದಾಗ ಎರಡೂ ಬಿಳಿಯೇ. ನಮ್ಮಲ್ಲಿ ಬೇಸಗೆಯಲ್ಲಿ ಬಟ್ಟೆಗೆ ಹಿಡಿದ ಕೆಂಪು ಹೋಗುವುದಿಲ್ಲವಲ್ಲ, ಅಲ್ಲಿ ಹುಬ್ಬೆಲ್ಲ ಅಕ್ಕಿಹಿಟ್ಟು ಮೆತ್ತಿದ ಹಾಗಾಗುತ್ತದೆ.

ಈ ದಾರಿಗಳು ಉಳಿದ ಕಥೆಯೇ ನನ್ನನ್ನು ಅಲ್ಲಿಗೆ ಎಳೆದದ್ದು. ಒಂದೊಂದಾಗಿ ಡಾಮರು ಕಾಣುತ್ತಿದ್ದ ಕಾಲದಲ್ಲಿ, 1997ರಲ್ಲಿ, ಜಾನ್‌ಕಾರ್ಲೊ ಬ್ರೋಚಿ ಎಂಬವರು ಗಯೊಲೆ ಎಂಬ ಸಣ್ಣ ಊರಿನಿಂದ ‘ಲೆರೊಯಿಕಾ’ ಎಂಬ ಸವಾರಿ ಶುರುಮಾಡಿದರು. 1987ಕ್ಕಿಂತ ಹಿಂದಿನ ಸೈಕಲ್, ಉಣ್ಣೆಯ ಅಂಗಿ, ಬಿಳಿ ದಾರಿ. ಅದರ ದೆಸೆಯಿಂದಲೇ 2007ರಲ್ಲಿ ವೃತ್ತಿಪರರ ಸ್ಪರ್ಧೆಯೂ ಹುಟ್ಟಿತು, 2015ರಿಂದ ಮಹಿಳೆಯರದ್ದೂ ನಡೆಯುತ್ತಿದೆ. ಅದು ಮುಗಿಯುವುದು ಸಿಯೆನಾದ ಪಿಯಾತ್ಸಾ ದೆಲ್ ಕಾಂಪೊ ಎಂಬ ಚೌಕದಲ್ಲಿ, ನೂರಕ್ಕೆ 16ರಷ್ಟು ಏರುವ ಕಲ್ಲುಹಾಸಿನ ಓಣಿ ಹತ್ತಿದ ಮೇಲೆ. ಈಗ ಲೆರೊಯಿಕಾದ 209 ಕಿಲೋಮೀಟರ್ ಸುತ್ತಿಗೆ ಉದ್ದಕ್ಕೂ ಫಲಕಗಳಿವೆ. ವರ್ಷದ ಯಾವ ದಿನವಾದರೂ ಯಾರು ಬೇಕಾದರೂ ಹೋಗಬಹುದು. ಜನ ತುಳಿದದ್ದರಿಂದ ದಾರಿ ಉಳಿಯಿತು.

ನಾವು ಇಡೀ ಸುತ್ತು ಹಾಕಲಿಲ್ಲ. ಸಿಯೆನಾದಲ್ಲಿ ಬಾಡಿಗೆಗೆ ಗ್ರಾವೆಲ್ ಸೈಕಲ್, ಎಂದರೆ ಜಲ್ಲಿ ದಾರಿಗೆಂದೇ ಮಾಡಿದ ಸೈಕಲ್, ತೆಗೆದುಕೊಂಡು ಕ್ರೆತೆ ಸೆನೆಸಿ ಎಂಬ ಜೇಡಿಯ ಸೀಮೆಗೆ ಇಳಿದೆವು. ಟಯರು 40 ಮಿಲಿಮೀಟರ್, ಒಳಗೆ ಟ್ಯೂಬ್ ಇಲ್ಲ. ಅಂಗಡಿಯವರು ಗಾಳಿ ಗಟ್ಟಿಯಾಗಿ ತುಂಬಿಸಿ ಕೊಟ್ಟಿದ್ದರು. ನನ್ನ ತೂಕ 58 ಕಿಲೋ. ಮುಂದೆ 30, ಹಿಂದೆ 33 ಪಿಎಸ್‌ಐಗೆ ಇಳಿಸಿದ ಮೇಲೆಯೇ ಕೈನೋವು ನಿಂತದ್ದು. ಇಳಿಜಾರಿನಲ್ಲಿ ನೆಲ ಮಾಡಿನ ತಗಡು ಶೀಟಿನ ಹಾಗೆ ಏರಿಳಿತವಾಗಿರುತ್ತದೆ, ಅಲ್ಲಿ ಗಟ್ಟಿ ಗಾಳಿಯಿದ್ದರೆ ಹಲ್ಲು ಹಲ್ಲಿಗೆ ಬಡಿಯುತ್ತದೆ.

ಅಶಾನೊದ ಹತ್ತಿರ ಮೊಂತೆ ಸಾಂತೆ ಮರಿಯೆ ಎಂಬ ಹನ್ನೊಂದೂವರೆ ಕಿಲೋಮೀಟರ್ ದಾರಿ ಇದೆ. ಆ ವೃತ್ತಿಪರರ ಸ್ಪರ್ಧೆಯನ್ನು ಮೂರು ಸಲ ಗೆದ್ದ ಸ್ವಿಸ್ ಸವಾರ ಫಾಬಿಯಾನ್ ಕ್ಯಾನ್ಸೆಲಾರಾ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಒಂದು ದಿನ ಮಾತ್ರ ನೋಡಲು ಸಾಧ್ಯವಾದರೆ ಇಲ್ಲಿಗೇ ಹೋಗಿ. ಲಕ್ಷಾಂತರ ವರ್ಷಗಳ ಹಿಂದೆ ಇದು ಸಮುದ್ರದ ತಳ. ನೆಲ ಮೇಲೆದ್ದು, ಮಳೆಗೆ ಕೊರೆದು, ಬೋಳು ದಿಬ್ಬಗಳಾಗಿ ನಿಂತಿದೆ. ದಿಬ್ಬದ ಬೆನ್ನಿನ ಮೇಲೆಯೇ ದಾರಿ. ಎರಡೂ ಬದಿಗೆ ಹಸಿರು ಗೋಧಿ, ಅಂಚಿಗೆ ಕೆಂಪು ಗಸಗಸೆ ಹೂ, ದೂರದಲ್ಲಿ ಒಂದು ಮನೆ, ಅದರ ಎದುರು ಸೈಪ್ರಸ್ ಮರಗಳ ಸಾಲು. ನೆರಳೆಂಬುದಿಲ್ಲ. ನೀರಂತೂ ಇಲ್ಲವೇ ಇಲ್ಲ. ಗುಡ್ಡೆ ಕೊರೆದ ಸುರಂಗದಿಂದ ಏಪ್ರಿಲಿನಲ್ಲೂ ನೀರು ಬರುವ ಊರಿನಲ್ಲಿ ಬೆಳೆದವಳು ನಾನು. ಅಲ್ಲಿ ಖಾಲಿ ಬಾಟಲಿ ಅಲ್ಲಾಡಿಸುತ್ತಾ ಮನೆಯ ಸುರಂಗವನ್ನು ನೆನೆಸಿಕೊಂಡೆ. ಒಬ್ಬೊಬ್ಬರಿಗೆ ಎರಡು ಬಾಟಲಿ ಬೇಕು. ಊರ ಚೌಕದ ನಲ್ಲಿಯಲ್ಲಿ ತುಂಬಿಸಿಕೊಳ್ಳಬಹುದು, ‘ನೋನ್ ಪೊತಾಬಿಲೆ’ ಎಂದು ಬರೆದಿದ್ದರೆ ಮಾತ್ರ ಕುಡಿಯಬಾರದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹಳ್ಳಿಯ ಕಿರಾಣಿ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದೇ ಇಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಮಿಡಿ ಉಪ್ಪಿನಕಾಯಿಯ ಜೊತೆ ಅದು ಎಷ್ಟು ರುಚಿಯಾಗಿತ್ತೆಂದರೆ, ಮೂರನೇ ದಿನಕ್ಕೆ ಉಪ್ಪಿನಕಾಯಿ ಮುಗಿದಿತ್ತು.

ಆ ರಾತ್ರಿ ಮಳೆ ಬಂತು. ಬೆಳಗ್ಗೆ ಬಿಸಿಲು ಕಂಡು ನಾನೇ ಹೊರಡೋಣ ಎಂದೆ. ತಮ್ಮ ಬೇಡವೆಂದ. ನಮ್ಮ ಮುರಕಲ್ಲು ಮಳೆ ನಿಂತ ಗಂಟೆಯೊಳಗೆ ನೀರು ಇಳಿಸಿಬಿಡುತ್ತದೆ, ಪಾಚಿಗೆ ಮಾತ್ರ ಹೆದರಿದರೆ ಸಾಕು. ಜೇಡಿ ಹಾಗಲ್ಲ. ಅರ್ಧ ಕಿಲೋಮೀಟರಿನಲ್ಲಿ ಚಕ್ರಕ್ಕೆ ಸುತ್ತಿಕೊಂಡು, ಫೋರ್ಕಿನ ಸಂದಿನಲ್ಲಿ ತುಂಬಿ, ಚಕ್ರ ತಿರುಗುವುದೇ ನಿಂತಿತು.

“ಅಕ್ಕಾ, ತುಳಿಯಬೇಡ, ಗೇರು ಮುರಿದೀತು. ಎತ್ತು,” ಎಂದ.

ಎರಡು ಕಿಲೋಮೀಟರ್ ಹೆಗಲ ಮೇಲೆ ಹೊತ್ತೆವು. ಹಾರೆಗೆ ಹಿಡಿದ ಕೆಸರು ಕೆರೆಯುವ ಹಾಗೆ ಕೋಲಿನಿಂದ ಕೆರೆದೆವು. ಇಟಲಿಯನ್ನು ಸುತ್ತುವ ದೊಡ್ಡ ಸೈಕಲ್ ಸ್ಪರ್ಧೆ ಜಿರೊದಲ್ಲಿ, 2010ರಲ್ಲಿ, ಇಂಥದೇ ಮಳೆಯಲ್ಲಿ ಮೊಂತಾಲ್ಚಿನೊ ಎಂಬ ಊರಿಗೆ ಬಂದು ಆಸ್ಟ್ರೇಲಿಯಾದ ಕೆಡೆಲ್ ಇವಾನ್ಸ್ ಆ ದಿನದ ಹಂತ ಗೆದ್ದ ಚಿತ್ರ ನೋಡಿದ್ದೆ, ಅಂಗಿಯ ಬಣ್ಣವೇ ಕಾಣದಷ್ಟು ಕೆಸರು. ಆ ಮನುಷ್ಯನ ಮೇಲೆ ಗೌರವ ಇಮ್ಮಡಿಯಾಯಿತು. ನೀವು ಹೋದರೆ, ಮಳೆಯ ಮರುದಿನ ಸಿಯೆನಾ–ಅಶಾನೊ ನಡುವಿನ ಲೌರೆತಾನಾ ಡಾಮರು ರಸ್ತೆಯಲ್ಲೇ ಹೋಗಿ. ಅಲ್ಲಿಂದಲೂ ಆ ದಿಬ್ಬಗಳು ಕಾಣುತ್ತವೆ.

ಬುವೊನ್‌ಕೊನ್ವೆಂತೊದಿಂದ ಗ್ರೊಸ್ಸೆತೊವರೆಗೆ ರೈಲು. ಸೈಕಲಿಗೂ ಟಿಕೆಟು.

ಕರಾವಳಿಯ ಮರೆಮ್ಮಾ ಪೂರಾ ಬೇರೆಯೇ ಲೋಕ. ಹಿಂದೆ ಮಲೇರಿಯಾದ ಜೌಗು, ಈಗ ಹೊಲ, 1975ರಿಂದ ಒಂದು ಭಾಗ ರಕ್ಷಿತ ಉದ್ಯಾನ. ಆಲ್ಬೆರೆಸೆಯಲ್ಲಿ ಕುದುರೆಯ ಮೇಲೆ ದನ ಕಾಯುವವರು ಇಂದಿಗೂ ಇದ್ದಾರೆ, ‘ಬುತ್ತೆರೊ’ ಎನ್ನುತ್ತಾರೆ. ಆ ಬೂದು ದನಗಳ ಕೊಂಬು ನನ್ನ ತೋಳಿಗಿಂತ ಉದ್ದ ಕಂಡಿತು. ನಮ್ಮ ಹಟ್ಟಿಯ ಕಾಸರಗೋಡು ಗಿಡ್ಡವನ್ನು ಪಕ್ಕಕ್ಕೆ ನಿಲ್ಲಿಸಿದರೆ ಅವುಗಳ ಹೊಟ್ಟೆಯ ಅಡಿಯಲ್ಲಿ ದಾಟಿ ಹೋದೀತು.

ಕೊನೆಯ ದಿನ ಓರ್ಬೆತೆಲ್ಲೊದ ಹತ್ತಿರ ಫೆನಿಲ್ಯಾ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹಿನ್ನೀರು, ನಡುವೆ ಆರು ಕಿಲೋಮೀಟರಿನಷ್ಟು ಉದ್ದದ ಮರಳ ದಿಣ್ಣೆ. ಅದರ ಮೇಲೆ ಪೈನ್ ಕಾಡು, ಕಾಡಿನ ನಡುವೆ ಮಣ್ಣುದಾರಿ. ಕಾರು ಬಿಡುವುದಿಲ್ಲ. ಸೂಜಿ ಎಲೆ ಉದುರಿ ಚಕ್ರದ ಸದ್ದೇ ಅಡಗಿತ್ತು. ಒಂದು ಜಿಂಕೆ ದಾರಿ ದಾಟಿತು. ಸಮುದ್ರ ಕಾಣದಿದ್ದರೂ ಅಲೆಯ ಸದ್ದು ಪೂರ್ತಿ ದಾರಿ ಜೊತೆಗಿತ್ತು. ಆರು ದಿನದಲ್ಲಿ ನನಗೆ ಅಳು ಬಂದದ್ದು ಅಲ್ಲಿ ಮಾತ್ರ.

ಊರಿಗೆ ಬಂದಾಗ ನಮ್ಮ ಗುಡ್ಡೆಯ ದಾರಿಗೆ ನಾನೂರು ಮೀಟರ್ ಕಾಂಕ್ರೀಟು ಬಿದ್ದಿತ್ತು. ಅದರ ಬದಿಗೆ ಮೂರು ಮನೆ ಇದೆ. ಅಲ್ಲೊಬ್ಬ ಅಜ್ಜಿಯನ್ನು ಹಿಂದೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಿತ್ತು. ಆ ಕಾಂಕ್ರೀಟು ಬೇಕೇ ಬೇಕು. ಆದರೆ ಮನೆಯೇ ಇಲ್ಲದ ಪದವಿನ ಮೇಲಿನ ದಾರಿ, ಮಳೆಗಾಲ ಮುಗಿಯುವಾಗ ನೀಲಿ ಹೂ ಹಾಸುವ ಆ ಪಾರೆಯ ದಾರಿ, ಹಾಗೆಯೇ ಇರಲಿ ಎಂದು ವಾರ್ಡು ಮೆಂಬರರಲ್ಲಿ ಹೇಳಿದ್ದೇನೆ. ಬರವಣಿಗೆಯಲ್ಲಿ ಕೊಡಿ ಟೀಚರೇ ಎಂದಿದ್ದಾರೆ. ಅರ್ಜಿಗೆ ಇಲ್ಲಿಯವರೆಗೆ ಹದಿನೇಳು ಸಹಿ ಆಗಿದೆ.

ತಮ್ಮ ಡಿಸೆಂಬರಿಗೆ ಬರುತ್ತಾನೆ. ಪೊಸಡಿಗುಂಪೆಯಿಂದ ಅನಂತಪುರದವರೆಗೆ ಆದಷ್ಟೂ ಡಾಮರು ಬಿಟ್ಟು ಹೋಗುವ ದಾರಿ ಹುಡುಕುತ್ತಿದ್ದೇನೆ. ಎರಡು ಜೊತೆ 45ರ ಟಯರು ತರಲು ಹೇಳಿದ್ದೇನೆ. ಬರುವವರಿದ್ದರೆ ತಿಳಿಸಿ.